ಐದಾರು ಎಫ್-ಫೈವ್ ತಿಂದ್ರೂ ಏಳ್ತಾರಲ್ಲ, ಹಳೇ ಫಿನಿಶರ್‌ಗಿದ್ದ ತೂಕ ಎಲ್ಲಿ ಹೋಯ್ತು?

ಸ್ಟನ್ನರ್‌ಪ್ರಿಯ:

ಏಪ್ರಿಲ್ 2025ರಿಂದ ನಮ್ಮಲ್ಲೂ ಡಬ್ಲ್ಯೂಡಬ್ಲ್ಯೂಇ ರೆಸಲಿಂಗ್ ನೆಟ್‌ಫ್ಲಿಕ್ಸ್‌ಗೆ ಬಂದಮೇಲೆ ಹಳೇದು ಹೊಸದು ಎರಡನ್ನೂ ಹಿಂದೆಮುಂದೆ ಹಾಕಿ ನೋಡೋದು ಸಲೀಸಾಗಿದೆ. ನೋಡಿದಷ್ಟೂ ತಲೆ ಕೊರೆಯೋದು ಇದೇ: ಫಿನಿಶರ್, ಅಂದ್ರೆ ಮ್ಯಾಚು ಮುಗಿಸೋ ಪಟ್ಟು, ಈಗ ಮುಗಿಸೋದೇ ಇಲ್ಲ. 1998ರಲ್ಲಿ ಸ್ಟೋನ್ ಕೋಲ್ಡ್ ಸ್ಟೀವ್ ಆಸ್ಟಿನ್ ಒಂದು ಸ್ಟನ್ನರ್ ಹೊಡೆದ ಅಂದ್ರೆ ಮುಗೀತು, ಬಿಯರ್ ಕ್ಯಾನ್ ಎಸೆಯೋದಷ್ಟೇ ಬಾಕಿ. 2018ರ ರೆಸಲ್‌ಮೇನಿಯಾ 34ರಲ್ಲಿ (ವರ್ಷದ ಅತಿ ದೊಡ್ಡ ಶೋ) ನೋಡಿ, ಬ್ರಾಕ್ ಲೆಸ್ನರ್ ತನ್ನ ಫಿನಿಶರ್ ಎಫ್-ಫೈವ್ ಹಾಕ್ತಾನೇ ಇದ್ದಾನೆ, ರೆಫರಿ ಮೂರು ಎಣಿಸೋ ಮೊದಲೇ ರೋಮನ್ ರೇನ್ಸ್ ಭುಜ ಎತ್ತುತ್ತಾನೇ ಇದ್ದಾನೆ. ಕೊನೆಗೆ ಬ್ರಾಕ್ ಗೆದ್ದಾಗ ನೋಡೋರಿಗೆ ಖುಷಿಗಿಂತ ಸುಸ್ತೇ ಜಾಸ್ತಿ.

ಎರಡು ವಿಷಯ ಗೊತ್ತಾಗಬೇಕು. ಫಿನಿಶರ್‌ಗಳ ತೂಕ ಇಳಿದಿದ್ದು ಯಾಕೆ, ಯಾವಾಗಿಂದ? ಹಳೇ ಮ್ಯಾಚುಗಳಲ್ಲಿ ಹೊಡೆತ ಜೋರಾಗಿ ಕಾಣಿಸ್ತಿದ್ದದ್ದು ನಿಜಕ್ಕೂ ಜೋರಾಗಿ ಹೊಡೀತಿದ್ದದ್ದಕ್ಕಾ, ಅಥವಾ ನಾವು ಚಿಕ್ಕವರಿದ್ವಿ ಅನ್ನೋದಕ್ಕಾ? "ಅಯ್ಯೋ ಎಲ್ಲಾ ಸ್ಕ್ರಿಪ್ಟೆಡ್ ಗುರು" ಅಂತ ಹೇಳೋಕೆ ಯಾರೂ ಬರೋದು ಬೇಡ. ನ್ಯೂಜೆರ್ಸಿ ಸೆನೆಟ್ ಮುಂದೆ 1989ರಲ್ಲೇ ಕಂಪನಿಯವರೇ ಇದು ಮನರಂಜನೆ ಅಂತ ಒಪ್ಕೊಂಡಾಗಿದೆ. ಅಥ್ಲೆಟಿಕ್ ಕಮಿಷನ್ನಿನ ಹಿಡಿತ, ತೆರಿಗೆ ಎರಡೂ ತಪ್ಪಿಸಿಕೊಳ್ಳೋಕೆ.

ಟರ್ನ್‌ಬಕಲ್:

ಮೊದಲು ಒಂದು ತಿದ್ದುಪಡಿ ಗುರು. ಹಳೇ ಕಾಲದಲ್ಲಿ ಯಾರೂ ಏಳ್ತಿರಲಿಲ್ಲ ಅನ್ನೋದು ಸುಳ್ಳು. 1998ರ ರೆಸಲ್‌ಮೇನಿಯಾ 14ರಲ್ಲಿ ಅಂಡರ್‌ಟೇಕರ್ ಕೇನ್‌ಗೆ ತನ್ನ ಫಿನಿಶರ್ ಟೂಮ್‌ಸ್ಟೋನ್ ಹಾಕ್ತಾನೆ, ಕೇನ್ ಏಳ್ತಾನೆ. ಇನ್ನೊಂದು ಹಾಕ್ತಾನೆ, ಮತ್ತೆ ಏಳ್ತಾನೆ. ಮೂರನೇದಕ್ಕೆ ಮುಗಿಯತ್ತೆ. ಆದ್ರೆ ಅಲ್ಲಿ ಅದಕ್ಕೊಂದು ಕೆಲಸ ಇತ್ತು. ಆರು ತಿಂಗಳಿಂದ "ಇವನು ಮನುಷ್ಯನೇ ಅಲ್ಲ" ಅಂತ ಕೇನ್‌ನ ಕಟ್ಟಿಕೊಂಡು ಬಂದಿದ್ರು. ಅವನು ಎದ್ದಾಗ ಟೂಮ್‌ಸ್ಟೋನ್ ಸಣ್ಣದಾಗಲಿಲ್ಲ, ಕೇನ್ ದೊಡ್ಡವನಾದ. ಸಾಲ ತಗೊಂಡು ಆಸ್ತಿ ಮಾಡಿದ ಹಾಗೆ. ಈಗ ಸಾಲ ತಗೊಂಡು ಹೋಳಿಗೆ ಊಟ ಮಾಡ್ತಾರೆ, ಅಷ್ಟೇ ವ್ಯತ್ಯಾಸ.

ಒಂದು ಪಟ್ಟು ಹೇಗೆ ಸವೆಯತ್ತೆ ಅಂತ ನೋಡೋಕೆ ಡಿಡಿಟಿಗಿಂತ ಒಳ್ಳೆ ಉದಾಹರಣೆ ಇಲ್ಲ. ಎಂಬತ್ತರ ದಶಕದಲ್ಲಿ ಜೇಕ್ "ದ ಸ್ನೇಕ್" ರಾಬರ್ಟ್ಸ್ ಡಿಡಿಟಿ (ಎದುರಿನವನ ತಲೆ ಕಂಕುಳಲ್ಲಿ ಸಿಕ್ಕಿಸಿ ಹಿಂದಕ್ಕೆ ಬೀಳೋ ಪಟ್ಟು) ಹಾಕಿದ್ರೆ ಎದುರಾಳಿ ಹೆಣ. ಮ್ಯಾಚಿನುದ್ದಕ್ಕೂ ಜನ "ಡಿಡಿಟಿ, ಡಿಡಿಟಿ" ಅಂತ ಕೂಗ್ತಿದ್ರು, ಅವನು ಕತ್ತು ಹಿಡಿಯೋಕೆ ಹೋಗಿ ಹೋಗಿ ತಪ್ಪಿಸ್ಕೊಳ್ತಿತ್ತು, ಸಿಕ್ಕ ದಿನ ಮುಗೀತು. ಆಮೇಲೆ ಪ್ರತಿಯೊಬ್ಬರೂ ಅದನ್ನ ಮಧ್ಯದಲ್ಲಿ ಹಾಕೋಕೆ ಶುರು ಮಾಡಿದ್ರು. ಇವತ್ತು ಡಿಡಿಟಿ ಬಿದ್ರೆ ಕಾಮೆಂಟೇಟರ್ ಧ್ವನಿ ಕೂಡ ಏರಲ್ಲ. ಶಾನ್ ಮೈಕಲ್ಸ್‌ನ ಸ್ವೀಟ್ ಚಿನ್ ಮ್ಯೂಸಿಕ್ ಅಂದ್ರೆ ಒಂದು ಸೂಪರ್‌ಕಿಕ್, ಕಾಲೆತ್ತಿ ಗದ್ದಕ್ಕೆ ಒದೆಯೋದು, ಅದೇ ಕ್ಲೈಮ್ಯಾಕ್ಸ್. ಯಂಗ್ ಬಕ್ಸ್ ಅನ್ನೋ ಅಣ್ಣತಮ್ಮಂದಿರ ಜೋಡಿ ಅದನ್ನ ಒಂದೇ ಮ್ಯಾಚಿನಲ್ಲಿ ಹತ್ತಾರು ಸಲ ಹಾಕಿ "ಸೂಪರ್‌ಕಿಕ್ ಪಾರ್ಟಿ" ಅಂತ ಹೆಸರಿಟ್ರು. ಮಜಾ ಇದೆ, ಇಲ್ಲ ಅನ್ನಲ್ಲ. ಆದ್ರೆ ಸೂಪರ್‌ಕಿಕ್ ತೀರಿಕೊಂಡಿತು.

ಯಾವಾಗಿಂದ ಅಂತ ಕೇಳಿದ್ರೆ ನಾನು ಬೆರಳಿಡೋದು 2001ರ ಏಪ್ರಿಲ್ 1ಕ್ಕೆ. ಹ್ಯೂಸ್ಟನ್‌ನಲ್ಲಿ ರೆಸಲ್‌ಮೇನಿಯಾ ಎಕ್ಸ್-ಸೆವೆನ್, ರಾಕ್ ಮತ್ತು ಆಸ್ಟಿನ್. ರಾಕ್ ಸ್ಟನ್ನರ್‌ನಿಂದ ಎದ್ದ, ಆಸ್ಟಿನ್ ರಾಕ್‌ನ ಫಿನಿಶರ್ ರಾಕ್ ಬಾಟಮ್‌ನಿಂದ ಎದ್ದ, ಕೊನೆಗೆ ಆಸ್ಟಿನ್ ಕುರ್ಚಿ ತಗೊಂಡು ಬಡಿದೂ ಬಡಿದೂ ಗೆದ್ದ. ಆ ಮ್ಯಾಚಿನಲ್ಲಿ ಅದು ಸರಿಯಾಗಿತ್ತು, ಫಿನಿಶರ್ ಕೈಕೊಟ್ಟಿದ್ದಕ್ಕೇ ಆಸ್ಟಿನ್ ಬುದ್ಧಿಗೆಟ್ಟು ತನ್ನ ಹಳೇ ಶತ್ರು, ಕಂಪನಿ ಮಾಲೀಕ ವಿನ್ಸ್ ಮೆಕ್‌ಮಹನ್ ಜೊತೆ ಕೈ ಜೋಡಿಸಿದ ಅನ್ನೋ ಕಥೆ. ಆದ್ರೆ ಆಮೇಲಿನವರು ಕಥೆ ಬಿಟ್ಟು ಬರೀ ಲೆಕ್ಕ ಕಲಿತ್ರು: ದೊಡ್ಡ ಮ್ಯಾಚು ಅಂದ್ರೆ ಫಿನಿಶರ್‌ನಿಂದ ಏಳಬೇಕು.

ಇನ್ನೊಂದು ಕಾರಣ ಟೈಮು. ಆಟಿಟ್ಯೂಡ್ ಎರಾದಲ್ಲಿ, ಅಂದ್ರೆ ತೊಂಬತ್ತರ ದಶಕದ ಕೊನೆಯಲ್ಲಿ, ವಾರದ ಶೋ ರಾದ ಮ್ಯಾಚುಗಳು ಮೂರ್ನಾಲ್ಕು ನಿಮಿಷ, ಅದರಲ್ಲಿ ಅರ್ಧಕ್ಕೆ ಯಾರೋ ಓಡಿಬಂದು ಹೊಡೆದು ಡಿಸ್‌ಕ್ವಾಲಿಫಿಕೇಶನ್. ಏಳೋಕೆ ಪುರುಸೊತ್ತೇ ಇಲ್ಲ. 2012ರ ಜುಲೈನಲ್ಲಿ ರಾ ಮೂರು ಗಂಟೆ ಆಯ್ತು. ಜಾಹೀರಾತು ದಾಟಿಸಿಕೊಂಡು ಒಂದು ಮ್ಯಾಚನ್ನ ಕಾಲು ಗಂಟೆ ಎಳೀಬೇಕು ಅಂದ್ರೆ ನಿಯರ್‌ಫಾಲ್ ಬೇಕೇ ಬೇಕು. ಅಂದ್ರೆ ರೆಫರಿ ಕೈ ಮೂರನೇ ಸಲ ಕೆಳಗೆ ಬರೋ ಹೊತ್ತಿಗೆ ಭುಜ ಎತ್ತಬೇಕು. ವಾರಕ್ಕೆ ಹತ್ತು ಸಲ ಇದನ್ನ ನೋಡಿದ ಜನ ಯಾವುದಕ್ಕೂ ಗಾಬರಿಯಾಗಲ್ಲ.

ನೀನು ಹೇಳಿದ ರೆಸಲ್‌ಮೇನಿಯಾ 34ರಲ್ಲಿ ಜನ ಮ್ಯಾಚು ಬಿಟ್ಟು ಬೀಚ್ ಬಾಲ್ ಆಡ್ತಿದ್ರು. ಅದೇ ಬ್ರಾಕ್, ಒಂದು ವರ್ಷ ಹಿಂದೆ ಗೋಲ್ಡ್‌ಬರ್ಗ್ ಜೊತೆ ಐದು ನಿಮಿಷವೂ ಆಗದ ಮ್ಯಾಚು ಆಡಿದ್ದ. ಜರ್ಮನ್ ಸುಪ್ಲೆಕ್ಸ್, ಸ್ಪಿಯರ್, ಜ್ಯಾಕ್‌ಹ್ಯಾಮರ್, ಎಫ್-ಫೈವ್, ಮನೆಗೆ. ಹೊಸಬರದ್ದೆಲ್ಲ ಹಾಳು ಅಂತಲೂ ಅಲ್ಲ. ಕೆನಿ ಒಮೆಗಾನ ಫಿನಿಶರ್ ಒನ್ ವಿಂಗ್ಡ್ ಏಂಜೆಲ್‌ನಿಂದ ಎದ್ದವನು ಅಂತ ವರ್ಷಗಟ್ಟಲೆ ಕೋಟಾ ಇಬುಷಿ ಒಬ್ಬನ ಹೆಸರೇ ಇತ್ತು. ಅದಕ್ಕೇ ಅವನು ಎದುರಾಳಿಯನ್ನ ಭುಜಕ್ಕೆ ಎತ್ತಿಕೊಂಡ ತಕ್ಷಣ ಜನ ಎದ್ದು ನಿಲ್ತಿದ್ರು. ಕಾಪಾಡಿದ್ರೆ ಇವತ್ತಿಗೂ ನಡೆಯತ್ತೆ.

ಹುಬ್ಬಳ್ಳಿ ಹೆವಿವೇಟ್:

ಎರಡನೇ ಪ್ರಶ್ನೆಕ್ಕ ನಾ ಹೇಳ್ತೀನ್ರಿ. ಹೊಡತ ಜೋರ್ ಇತ್ತಾ ಅಂದ್ರ, ಕೆಲವು ನಿಜವಾಗ್ಲೂ ಜೋರ್ ಇದ್ದುವು, ಇರಬಾರದಿತ್ತು.

ಮೊದಲ ರಿಂಗ್ ತಿಳ್ಕೋರಿ. ಡಬ್ಲ್ಯೂಡಬ್ಲ್ಯೂಇ ರಿಂಗ್ 20 ಅಡಿ ಚೌಕ, ಆಗಿನ ಎದುರಾಳಿ ಕಂಪನಿ ಡಬ್ಲ್ಯೂಸಿಡಬ್ಲ್ಯೂದ್ದು 18 ಅಡಿ ಇತ್ತು. ಕೆಳಗ ಉಕ್ಕಿನ ತೊಲಿ, ಅದರ ಮ್ಯಾಲೆ ಪ್ಲೈವುಡ್ ಹಲಗಿ, ಅದರ ಮ್ಯಾಲೆ ತೆಳು ಫೋಮ್, ಮ್ಯಾಲೆ ಬಿಗದು ಕಟ್ಟಿದ ಕ್ಯಾನ್ವಾಸ್. ಹಾಸಿಗಿ ಅಂತ ತಿಳ್ಕೊಂಡೋರು ಭಾಳ ಮಂದಿ. ನಮ್ಮ ಗರಡಿಮನಿ ಮಣ್ಣು ಎಣ್ಣಿ, ಮಜ್ಜಿಗಿ ಕುಡದು ಮೆತ್ತಗ ಇರ್ತೈತಿ, ಇದು ಹಂಗಲ್ಲ. ಹಲಗಿ ಸ್ವಲ್ಪ ಬಾಗ್ತೈತಿ, ಸಪ್ಪಳ ದೊಡ್ಡದಾಗಿ ಬರ್ತೈತಿ, ಅಷ್ಟ. ಹಗ್ಗಾನೂ ಬ್ಯಾರೆ ಬ್ಯಾರೆ. ಡಬ್ಲ್ಯೂಡಬ್ಲ್ಯೂಇದಾಗ ಖರೇ ಹಗ್ಗಕ್ಕ ಟೇಪ್ ಸುತ್ತಿರ್ತಾರ, ಡಬ್ಲ್ಯೂಸಿಡಬ್ಲ್ಯೂದಾಗ ಉಕ್ಕಿನ ಕೇಬಲ್‌ಗೆ ರಬ್ಬರ್ ಪೈಪ್ ಹಾಕಿರ್ತಿದ್ರು. ಅದಕ್ಕ ಬೆನ್ನು ಕೊಟ್ಟು ಓಡಿದ್ರ ಪಕ್ಕಡಿ ಮ್ಯಾಲೆ ಬಾಸುಂಡಿ ಏಳ್ತಿತ್ತು.

ಬೆನ್ನ ಮ್ಯಾಲೆ ಬೀಳೂದಕ್ಕ ಬ್ಯಾಕ್ ಬಂಪ್ ಅಂತಾರ. ಗದ್ದ ಎದಿಗೆ ಒತ್ತಿ ಹಿಡೀಬೇಕು, ತಾಗೂ ಹೊತ್ತಿಗೆ ಉಸಿರು ಬಿಡಬೇಕು, ಎರಡೂ ಕೈ ಮೈಯಿಂದ 45 ಡಿಗ್ರಿ ಅಗಲಿಸಿ ಅಂಗೈಲೆ ಮ್ಯಾಟಿಗೆ ಪಟಾರ್ ಅಂತ ಬಡೀಬೇಕು, ಬೆನ್ನಿನ ಮ್ಯಾಲಿನ ಭಾಗ ಒಮ್ಮೆಗೇ ಚಪ್ಪಟಿ ತಾಗಬೇಕು. ಗದ್ದ ಬಿಟ್ರ ತಲಿ ಚಾಟಿಯಂಗ ಹಿಂದಕ್ಕ ಹೋಗಿ ಹಲಗಿಗೆ ಬಡೀತೈತಿ. ಹೆದರಿ ಕೈ ಹಿಂದ ಊರಿದ್ರ ಮಣಿಕಟ್ಟು ಹೋತು. ಕುಂಡಿ ಮೊದಲ ತಾಗಿದ್ರ ಟೊಂಕ ಹೋತು. ಹಲ್ಕ್ ಹೋಗನ್‌ನ ಲೆಗ್ ಡ್ರಾಪ್ ನೋಡ್ರಿ, ಬೀಳಿಸಿಕೊಂಡಾವಗ ಏನೂ ಆಗ್ತಿರಲಿಲ್ಲ, ಪ್ರತಿ ರಾತ್ರಿ ಕುಂಡಿ ಮ್ಯಾಲೆ ಬಿದ್ದು ಬಿದ್ದು ಟೊಂಕ, ಬೆನ್ನು ಹಾಳಾದದ್ದು ಹಾಕಿದಾವಂದ.

ಸ್ಟನ್ನರ್‌ದಾಗೂ ಅಷ್ಟ. ಹೊಟ್ಟಿಗೆ ಒದ್ದು, ತಿರುಗಿ, ಎದುರಿನವನ ಗದ್ದ ತನ್ನ ಹೆಗಲ ಮ್ಯಾಲೆ ಇಟ್ಕೊಂಡು ಆಸ್ಟಿನ್ ಕುಂದರ್ತಾನ. ಎದುರಿನಾವ ಮೊಣಕಾಲ ಮ್ಯಾಲೆ ಇಳಿಯೂದು, ಆಮ್ಯಾಲೆ ಹಾರೂದು ಎಲ್ಲಾ ಅವನ ಕೈಯಾಗ. ರಾಕ್ ತಿಂದ್ರ ಮೀನಿನಂಗ ಜಿಗದು ಬೀಳ್ತಿದ್ದ, ಅದಕ್ಕ ಚಂದ ಕಾಣ್ತಿತ್ತು. 2007ರ ರೆಸಲ್‌ಮೇನಿಯಾ 23ರಾಗ ಡೊನಾಲ್ಡ್ ಟ್ರಂಪ್ ತಿಂದಿದ್ದು ನೋಡ್ರಿ, ಗೋಣಿಚೀಲ ಕುಸದಂಗ ಐತಿ. ಪಟ್ಟು ಅದ, ಹಾಕಿದಾವನೂ ಅವನ, ತಿನ್ನಾವ ಸರಿ ಇಲ್ಲ ಅಷ್ಟ. ಈಗಿನ ಹುಡುಗರ ಸೂಪರ್‌ಕಿಕ್‌ಗೆ ಸಪ್ಪಳ ಎಲ್ಲಿಂದ ಬರ್ತೈತಿ ಅಂದ್ರ ತೊಡಿಯಿಂದ. ಒದೀವಾಗ ಒಂದು ಕೈ ತೊಡಿಗೆ ಬಡೀತೈತಿ, ಆ ಕೈ ನೋಡ್ರಿ. ಒಮ್ಮೆ ಕಣ್ಣಿಗೆ ಬಿದ್ದ ಮ್ಯಾಲೆ ಬಿಡೂದಿಲ್ಲ, ಮೊದಲ ಹೇಳೀನಿ.

ಇನ್ನ ಖರೇ ಅಪಾಯದ್ದು. ಟೂಮ್‌ಸ್ಟೋನ್ ಪೈಲ್‌ಡ್ರೈವರ್‌ದಾಗ ಹಾಕಾವ ಎದುರಿನಾವನ್ನ ತಲಿಕೆಳಗ ಹಿಡ್ಕೊಂಡು ಮೊಣಕಾಲ ಮ್ಯಾಲೆ ಇಳೀತಾನ, ತಿನ್ನಾವನ ತಲಿ ತೊಡಿ ನಡುವ ಮ್ಯಾಟ್ ಬಿಟ್ಟು ಮ್ಯಾಲೆ ಇರ್ತೈತಿ. 1997ರ ಆಗಸ್ಟ್ 3, ಸಮರ್‌ಸ್ಲ್ಯಾಮ್. ಓವನ್ ಹಾರ್ಟ್ ಆಸ್ಟಿನ್‌ನ ಎತ್ತಿಕೊಂಡು ಮೊಣಕಾಲ ಬದಲಿ ಕುಂಡಿ ಮ್ಯಾಲೆ ಕುಂತ. ಆಸ್ಟಿನ್ ತಲಿ ಓವನ್ ತೊಡಿಗಿಂತ ಕೆಳಗ ಇಳದಿತ್ತು, ಇಡೀ ಭಾರ ಕುತ್ತಿಗಿ ಮ್ಯಾಲೆ. ಕೈಕಾಲು ಕೆಲ ಹೊತ್ತು ಆಡ್ಲೇ ಇಲ್ಲ. ಓವನ್ ಪ್ರೇಕ್ಷಕರ ಕಡೆ ಕೂಗಾಡಿಕೋತ ಹೊತ್ತು ಕಳದ, ಆಸ್ಟಿನ್ ತೆವಳಿಕೋತ ಬಂದು ಒಂದು ಹಗುರ ರೋಲ್-ಅಪ್ ಹಾಕಿ ಮುಗಿಸಿದ. ಆ ರೋಲ್-ಅಪ್ ನಿಧಾನಕ್ಕ ನೋಡ್ರಿ, ಕೈಯಾಗ ಹಿಡಿತನ ಇಲ್ಲ. 2003ರಾಗ ಅವ ಆಟ ಬಿಟ್ಟದ್ದಕ್ಕ ಬೇರು ಅಲ್ಲೇ ಐತಿ. ಮುಂದ ಕಂಪನಿ ಪೈಲ್‌ಡ್ರೈವರ್ ಬಂದ್ ಮಾಡ್ತು, ಅಂಡರ್‌ಟೇಕರ್‌ಗೂ ಕೇನ್‌ಗೂ ಮಾತ್ರ ಟೂಮ್‌ಸ್ಟೋನ್ ಬಿಟ್ರು.

ಕುರ್ಚಿ ವಿಷಯ ಇನ್ನೂ ಕೆಟ್ಟದ್ದು. ಬೆನ್ನಿಗೆ ಹೊಡದ್ರ ಕೂಡೂ ಹಲಗಿ ಚಪ್ಪಟಿ ತಾಗ್ತೈತಿ, ಸಪ್ಪಳ ಜಾಸ್ತಿ, ಪೆಟ್ಟು ಹರಡ್ತೈತಿ. ತಲಿಗೆ ಹೊಡದ್ರ ಉಪಾಯನ ಇಲ್ಲ. ಕೈ ಅಡ್ಡ ಹಿಡಿಯೂದೊಂದ ದಾರಿ. 1999ರ ರಾಯಲ್ ರಂಬಲ್‌ದಾಗ ಮ್ಯಾನ್‌ಕೈಂಡ್ ಅನ್ನೋ ರೆಸಲರ್ ಕೈಗೆ ಬೇಡಿ ಹಾಕಿ ರಾಕ್ ತಲಿಗೆ ಹನ್ನೊಂದು ಸಲ ಹೊಡದ. ಅಡ್ಡ ಹಿಡ್ಯಾಕ ಕೈ ಎಲ್ಲೈತಿ? 2010ರಾಗ ತಲಿಗೆ ಕುರ್ಚಿ ಹೊಡ್ಯೂದು ನಿಷೇಧ ಆತು. ಹಳೇ ಹೊಡತ ಈಗ ಇಲ್ಲ ಅಂತ ಅಳಾವ್ರು ಆ ರಂಬಲ್ ಇನ್ನೊಮ್ಮೆ ಪೂರ್ತಿ ನೋಡ್ರಿ.

ಟ್ರಂಪ್‌ಕಾರ್ಡ್ ಮಂಜ:

ಚಿಕ್ಕವರಿದ್ವಿ ಅನ್ನೋದಕ್ಕೆ ಒಂದು ಸೇರಿಸ್ತೀನಿ ಮಾರಾಯ್ರೇ. "ಅಂಡರ್‌ಟೇಕರ್ ಏಳು ಸಲ ಸತ್ತು ಬದುಕಿದ" ಅನ್ನೋದು ನಮ್ಮ ಕಡೆ ಶಾಲೆಗಳಲ್ಲಿ ಇತಿಹಾಸದ ಪಾಠದಷ್ಟೇ ಗಟ್ಟಿ ಇತ್ತಲ್ಲ, ಅದರ ಮೂಲ 1994. ಜನವರಿಯ ರಾಯಲ್ ರಂಬಲ್‌ನಲ್ಲಿ ಯೋಕೊಜುನಾ ಮತ್ತು ಇನ್ನೂ ಹಲವರು ಸೇರಿ ಅವನನ್ನ ಶವಪೆಟ್ಟಿಗೆಗೆ ಹಾಕಿದ್ರು, ಪೆಟ್ಟಿಗೆಯಿಂದ ಹೊಗೆ ಬಂತು, ಆಮೇಲೆ "ಆತ್ಮ" ಚಾವಣಿಗೆ ಏರಿತು. ಏರಿದ್ದು ಅದೇ ವೇಷ ಹಾಕಿದ ಇನ್ನೊಬ್ಬ ರೆಸಲರ್ ಮಾರ್ಟಿ ಜನೆಟ್ಟಿ. ಆಗಸ್ಟ್‌ನ ಸಮರ್‌ಸ್ಲ್ಯಾಮ್‌ನಲ್ಲಿ ಅಸಲಿ ಅಂಡರ್‌ಟೇಕರ್ ನಕಲಿ ಅಂಡರ್‌ಟೇಕರ್ ಜೊತೆ ಆಡಿದ. ನಕಲಿ ಅಂದ್ರೆ ಬ್ರಯಾನ್ ಲೀ. 1996ರ ಹಿಂದಿ ಸಿನಿಮಾದಲ್ಲಿ ಅಕ್ಷಯ್ ಕುಮಾರ್ ಎದುರು ಬಂದ ಅಂಡರ್‌ಟೇಕರ್ ಕೂಡ ಇದೇ ಬ್ರಯಾನ್ ಲೀ, ಅಸಲಿಯವನಲ್ಲ.

ಟ್ರಂಪ್ ಕಾರ್ಡಿನಲ್ಲಿ ಬರೀತಿದ್ದ ಎತ್ತರವನ್ನೂ ನಂಬಬೇಡಿ, ಎಲ್ಲರಿಗೂ ಒಂದೆರಡು ಇಂಚು ಪುಕ್ಕಟೆ. ಜಪಾನಿನ ಸುಮೋ ಅಂತ ಬಂದ ಯೋಕೊಜುನಾ ಅಸಲಿಗೆ ಅಮೆರಿಕದಲ್ಲಿ ಹುಟ್ಟಿದ ಸಮೋವನ್, ರೋಮನ್ ರೇನ್ಸ್‌ನ ಮನೆತನದವನೇ. ಕಥೆಯಲ್ಲಿ ಹೇಳಿದ ಹಾಗೆ ಕೇನ್ ಅಂಡರ್‌ಟೇಕರ್‌ನ ತಮ್ಮನೂ ಅಲ್ಲ. 2018ರಲ್ಲಿ ಅವನು ಟೆನೆಸ್ಸಿಯ ನಾಕ್ಸ್ ಕೌಂಟಿಗೆ ಮೇಯರ್ ಆದ.

ಹಾರ್ಡ್‌ಕ್ಯಾಮ್ ಸುಮಾ:

ಟರ್ನ್‌ಬಕಲ್ ಅವರು ಹೇಳಿದ್ದು ಬಹುಪಾಲು ಒಪ್ತೀನಿ, ಆದ್ರೆ ಇಡೀ ಥ್ರೆಡ್ ಹಳೇದರ ಕಡೆ ವಾಲ್ತಿದೆ. ಆಟಿಟ್ಯೂಡ್ ಎರಾ ಅಂದ ಕೂಡಲೇ ಆಸ್ಟಿನ್, ರಾಕ್, ಮ್ಯಾನ್‌ಕೈಂಡ್ ನೆನಪಾಗ್ತಾರೆ, ಉಳಿದ ಒಂದೂವರೆ ಗಂಟೆ ಯಾರಿಗೂ ನೆನಪಿಲ್ಲ. ಒಂದು ಪೂರ್ತಿ 1999ರ ರಾ ಎಪಿಸೋಡ್ ಹಾಕಿ ಕೂತ್ಕೊಳ್ಳಿ, ಹೈಲೈಟ್ಸ್ ಅಲ್ಲ. ಮಹಿಳೆಯರ ಮ್ಯಾಚು ಅಂದ್ರೆ ಬಟ್ಟೆ ಎಳೆದಾಡೋದು. ಅದೇ ವರ್ಷ ಮೇ 23ರಂದು ಕ್ಯಾನ್ಸಸ್ ಸಿಟಿಯಲ್ಲಿ ಓವನ್ ಹಾರ್ಟ್ ಚಾವಣಿಯಿಂದ ಇಳಿಯೋ ಸ್ಟಂಟಿನಲ್ಲಿ ಬಿದ್ದು ಸತ್ತ, ಶೋ ನಿಲ್ಲಿಸಲಿಲ್ಲ. ಆ ಕಾಲ ಚಿನ್ನ ಅನ್ನೋರು ಇದನ್ನೂ ಸೇರಿಸಿ ತೂಗಬೇಕು.

ಮಹಿಳೆಯರ ವಿಷಯಕ್ಕೆ ಬಂದ್ರೆ ಹೋಲಿಕೆಯೇ ಇಲ್ಲ. 2015ರ ಫೆಬ್ರವರಿಯಲ್ಲಿ ಕೂಡ ರಾನಲ್ಲಿ ನಾಲ್ಕು ಜನರ ಟ್ಯಾಗ್ ಮ್ಯಾಚಿಗೆ ಕೊಟ್ಟಿದ್ದು ಅರ್ಧ ನಿಮಿಷ. ಜನ ಟ್ವಿಟರ್‌ನಲ್ಲಿ ಗಲಾಟೆ ಎಬ್ಬಿಸಿದ್ರು. ಅದೇ ಆಗಸ್ಟ್‌ನಲ್ಲಿ ಬ್ರೂಕ್ಲಿನ್‌ನಲ್ಲಿ ನಡೆದ, ಅದೇ ಕಂಪನಿಯ ಹೊಸಬರ ಶೋ ಎನ್‌ಎಕ್ಸ್‌ಟಿನಲ್ಲಿ ಬೇಲಿ ಮತ್ತು ಸಾಶಾ ಬ್ಯಾಂಕ್ಸ್. ಸಾಶಾ ಬೇಲಿಯ ಪೆಟ್ಟಾದ ಕೈಯನ್ನೇ ಹಿಡಿದು ಕಾಡೋದು, ಆ ಕೈ ತುಳಿಯೋದು ನೋಡಿ. ಒಂದು ಅಂಗ ಆರಿಸ್ಕೊಂಡು ಮ್ಯಾಚು ಪೂರ್ತಿ ಅದರ ಮೇಲೆ ಕಟ್ಟೋದು ಹಳೇ ವಿದ್ಯೆ, ಅದನ್ನ ಇವರಿಬ್ಬರೂ ಆ ಪೀಳಿಗೆಯ ಗಂಡಸರಿಗಿಂತ ಚೆನ್ನಾಗಿ ಮಾಡಿದ್ರು. 2019ರಲ್ಲಿ ರೆಸಲ್‌ಮೇನಿಯಾದ ಕೊನೇ ಮ್ಯಾಚೇ ಮಹಿಳೆಯರದ್ದು.

ಹೊಸದು ಪೊಳ್ಳಾಗಿ ಕಾಣೋದಕ್ಕೆ ಯಾರೂ ಹೇಳದ ಕಾರಣ ಒಂದಿದೆ: ಕ್ಯಾಮೆರಾ. 2010ರ ದಶಕದಲ್ಲಿ ಪ್ರತಿ ಏಟಿಗೂ ಒಂದು ಕಟ್, ತಾಗೋ ಕ್ಷಣಕ್ಕೆ ಜೂಮ್, ಅಲ್ಲಾಡೋ ಕ್ಯಾಮೆರಾ. ಏಟು ಬಿದ್ದಿದ್ದು ಕಾಣಲ್ಲ, ಬಿತ್ತು ಅಂತ ಹೇಳಿದ್ದು ಮಾತ್ರ ಕಾಣತ್ತೆ. 1997ರ ಮ್ಯಾಚಿನಲ್ಲಿ ಎದುರಿನ ದೊಡ್ಡ ಕ್ಯಾಮೆರಾ ಸುಮ್ಮನೆ ನಿಂತಿರತ್ತೆ, ದೇಹ ಹಗ್ಗದಿಂದ ಹೊರಟು ಮ್ಯಾಟಿಗೆ ಬೀಳೋ ತನಕ ಒಂದೇ ಶಾಟ್. ಆ ಶೈಲಿಗೆ ಕಾರಣನಾಗಿದ್ದ ಕೆವಿನ್ ಡನ್ 2023ರ ಕೊನೆಗೆ ಬಿಟ್ಟ, 2024ರಿಂದ ಲೀ ಫಿಟ್ಟಿಂಗ್ ಬಂದಮೇಲೆ ಶಾಟ್‌ಗಳು ಉದ್ದ ಆಗಿವೆ. ಒಂದೇ ರೆಸಲರ್‌ನ 2017ರ ಮ್ಯಾಚು, 2024ರ ಮ್ಯಾಚು ಪಕ್ಕದಲ್ಲಿಟ್ಟು ನೋಡಿ, ಎರಡನೇದರಲ್ಲಿ ಅವನೇ ಜಾಸ್ತಿ ಬಲಶಾಲಿ ಅನ್ನಿಸ್ತಾನೆ.

ತೂಕ ಇರೋ ಹೊಸ ಮ್ಯಾಚು ಬೇಕಾದ್ರೆ ಗುಂಥರ್. 666 ದಿನ ಇಂಟರ್‌ಕಾಂಟಿನೆಂಟಲ್ ಬೆಲ್ಟ್ ಹೊತ್ತ, ಬಂಡವಾಳ ಬರೀ ಅಂಗೈ. ಎದೆಗೆ ಹೊಡೆಯೋ ಚಾಪ್‌ನಲ್ಲಿ ನಟನೆ ಇಲ್ಲ, ತಾಗೇ ತಾಗತ್ತೆ. 2022ರ ಸೆಪ್ಟೆಂಬರ್‌ನಲ್ಲಿ ಕಾರ್ಡಿಫ್‌ನಲ್ಲಿ ಶೇಮಸ್ ಜೊತೆಗಿನ ಮ್ಯಾಚಿನಲ್ಲಿ ಶೇಮಸ್‌ನ ಎದೆ ಹೇಗೆ ಬಣ್ಣ ಬದಲಾಯಿಸತ್ತೆ ನೋಡಿ, ಮೇಕಪ್ಪಿನವರಿಗೆ ಆ ಕೆಂಪು ಬರಲ್ಲ.

ಸ್ಟನ್ನರ್‌ಪ್ರಿಯ:

ತೊಡೆ ತಟ್ಟೋದು ಕಣ್ಣಿಗೆ ಬಿತ್ತು ಹೆವಿವೇಟ್ ಸಾಹೇಬ್ರೇ, ಹಾಳು ಮಾಡಿಬಿಟ್ರಿ. ಸರಿ, ಹಳೇದೊಂದು ಹೊಸದೊಂದು, ಎರಡೇ ಎರಡು ಹೇಳಿ. ಕಥೆ ಹೇಗೆ ಕಟ್ತಾರೆ ಅಂತ ಕಾಣಬೇಕು, ಪಟ್ಟುಗಳ ಲೆಕ್ಕ ಬೇಡ.

ಟರ್ನ್‌ಬಕಲ್:

ಹಳೇದು: ಬ್ರೆಟ್ ಹಾರ್ಟ್ ಮತ್ತು ಸ್ಟೋನ್ ಕೋಲ್ಡ್, ರೆಸಲ್‌ಮೇನಿಯಾ 13, 1997ರ ಮಾರ್ಚ್ 23. ಸಬ್ಮಿಷನ್ ಮ್ಯಾಚು, ಅಂದ್ರೆ ಪಿನ್ ಇಲ್ಲ, ಎದುರಿನವನು ಸೋತೆ ಅನ್ನಬೇಕು. ರೆಫರಿ ಕೆನ್ ಶ್ಯಾಮ್‌ರಾಕ್. ಬ್ರೆಟ್ ಫೇಸ್ (ಒಳ್ಳೆಯವನು) ಆಗಿ ಒಳಗೆ ಬರ್ತಾನೆ, ಹೀಲ್ (ಖಳನಾಯಕ) ಆಗಿ ಹೊರಗೆ ಹೋಗ್ತಾನೆ. ಆಸ್ಟಿನ್ ತದ್ವಿರುದ್ಧ. ಇಪ್ಪತ್ತು ಚಿಲ್ಲರೆ ನಿಮಿಷದಲ್ಲಿ ಎರಡೂ ಆಗತ್ತೆ, ಯಾರೂ ಮೈಕ್ ಹಿಡಿದು ಒಂದು ಮಾತಾಡಲ್ಲ. ಮೊದಲ ಹತ್ತು ನಿಮಿಷ ಜನರ ಕೂಗು ಕೇಳಿ, ಕೊನೇ ಐದು ನಿಮಿಷ ಕೇಳಿ. ಬ್ರೆಟ್ ಕಾಲು ತಿರುಚಿ ಹಿಡಿಯೋ ಶಾರ್ಪ್‌ಶೂಟರ್ ಪಟ್ಟಿನಲ್ಲಿ ಆಸ್ಟಿನ್ ಹಣೆಯಿಂದ ರಕ್ತ ಮೂಗಿನ ಎರಡೂ ಕಡೆ ಇಳಿದು ಹಲ್ಲಿನ ಸಂದಿಗೆ ಹೋಗ್ತಿರತ್ತೆ, ಎರಡು ಕೈಯೂರಿ ಎದ್ದು ಹಿಡಿತ ಬಿಡಿಸೋಕೆ ನೋಡ್ತಾನೆ, ಆಗಲ್ಲ. ಸೋತೆ ಅನ್ನಲ್ಲ, ಪ್ರಜ್ಞೆ ತಪ್ಪುತ್ತಾನೆ. ಆ ರಕ್ತ ಬೇಕಂತಲೇ ಮಾಡಿದ್ದು, ಕಂಪನಿಗೆ ಮೊದಲೇ ಹೇಳಿರಲಿಲ್ಲ, ಬ್ರೆಟ್ ಆಮೇಲೆ ಬರೆದುಕೊಂಡಿದ್ದಾನೆ. ಗಂಟೆ ಬಾರಿಸಿದ ಮೇಲೂ ಬ್ರೆಟ್ ಬಿದ್ದವನ ಕಾಲಿಗೆ ಒದೀತಾನೆ. ಅವನು ಹೀಲ್ ಆಗಿದ್ದು ಆ ಒದೆಯಲ್ಲಿ, ಶಾರ್ಪ್‌ಶೂಟರ್‌ನಲ್ಲಲ್ಲ. ಗಮನಿಸು, ಇದರಲ್ಲಿ ಸ್ಟನ್ನರ್ ಮ್ಯಾಚನ್ನ ಮುಗಿಸೋದೂ ಇಲ್ಲ.

ಹೊಸದು ಸುಮಾ ಅವರು ಹೇಳಲಿ.

ಹಾರ್ಡ್‌ಕ್ಯಾಮ್ ಸುಮಾ:

2023ರ ಜನವರಿ 28, ರಾಯಲ್ ರಂಬಲ್, ಸ್ಯಾನ್ ಆಂಟೋನಿಯೊ. ರೋಮನ್ ಮತ್ತು ಕೆವಿನ್ ಓವೆನ್ಸ್ ಮ್ಯಾಚು ಓಡಿಸಿದ್ರೂ ಪರವಾಗಿಲ್ಲ, ಮುಗಿದ ಮೇಲಿನದ್ದು ಬಿಡಬೇಡಿ. ಅದಕ್ಕೂ ಮುಂಚೆ ಯೂಟ್ಯೂಬ್‌ನಲ್ಲಿ ಸಾಮಿ ಝೇನ್ ರೋಮನ್‌ನ ಕುಟುಂಬದ ಗ್ಯಾಂಗ್ ಬ್ಲಡ್‌ಲೈನ್ ಸೇರಿದ ತುಣುಕು ನಾಲ್ಕೈದು ನೋಡಿ, ಇಲ್ಲದಿದ್ರೆ ಅರ್ಧ ಮಜಾ ಹೋಗತ್ತೆ. ಓವೆನ್ಸ್‌ನ ಕೈಗೆ ಬೇಡಿ ಹಾಕಿ ಹಗ್ಗಕ್ಕೆ ಕಟ್ಟಿರ್ತಾರೆ. ರೋಮನ್ ಕುರ್ಚಿಯನ್ನ ಸಾಮಿ ಕೈಗೆ ಕೊಡ್ತಾನೆ, ನಿನ್ನ ಹಳೇ ಗೆಳೆಯನಿಗೆ ನೀನೇ ಹೊಡಿ ಅಂತ. ನಿಮಿಷಗಟ್ಟಲೆ ಒಂದೇ ಒಂದು ಪಟ್ಟು ಇಲ್ಲ, ಬರೀ ನಿಲ್ಲೋದು, ತಿರುಗೋದು, ಕುರ್ಚಿ ಕೆಳಗಿಳಿಸೋದು, ರೋಮನ್ ಬೈಯೋದು. ಕೊನೆಗೆ ಏಟು ಬೀಳೋದು ರೋಮನ್ ಬೆನ್ನಿಗೆ, ಒಂದೇ ಏಟು. ಹೆವಿವೇಟ್ ಹೇಳಿದ 1999ರ ಹನ್ನೊಂದರ ಪಕ್ಕ ಇಟ್ಟು ನೋಡಿ, ಅದೂ ರಂಬಲ್, ಅಲ್ಲೂ ಬೇಡಿ, ಅಲ್ಲೂ ಕುರ್ಚಿ.

ಆ ಏಟು ಬಿದ್ದ ತಕ್ಷಣ ಎಲ್ಲರೂ ರೋಮನ್‌ನ ನೋಡ್ತಾರೆ. ನೀವು ಅದೇ ಗ್ಯಾಂಗಿನ ಜೇ ಉಸೋನ ನೋಡಿ. ಅವನ ಅಣ್ಣತಮ್ಮಂದಿರಾದ ಜಿಮ್ಮಿ ಉಸೋ, ಸೋಲೋ ಸಿಕೋವಾ ಇಬ್ಬರೂ ಸಾಮಿ ಮೇಲೆ ಬೀಳ್ತಾರೆ, ಜೇ ಮಾತ್ರ ಕೈ ಎತ್ತಲ್ಲ, ರಿಂಗ್ ಬಿಟ್ಟು ಹೊರಟುಹೋಗ್ತಾನೆ.